ಗೋರಂಟಿ ಹತ್ತದ ಬೆರಳುಗಳು

ಮೊದಲ ಸಲ ದಿಲ್ಲಿಯವರು ನನ್ನ ಅರ್ಜಿಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದರು. ಹೆಂಗಸರ ಕೈಹುಣ್ಣಿಗೆ ರೇಷ್ಮೆ ಕೆಲಸವೇ ಕಾರಣ ಎನ್ನಲು ಆಧಾರವಿಲ್ಲ, ಮನೆಗೆಲಸದಿಂದಲೂ ಆಗಿರಬಹುದು ಎಂದಿತ್ತು ಆ ಸಾಲು. ಅದನ್ನು ಬರೆದ ಮಹಾನುಭಾವ ಹುಟ್ಟಿದಾಗಿನಿಂದ ಒಂದು ಲೋಟವನ್ನಾದರೂ ತೊಳೆದಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ವಾರವಿಡೀ ಕಂಡಕಂಡವರ ಮೇಲೆಲ್ಲ ಹರಿಹಾಯ್ದೆ.

ಅದು ಎಂಬತ್ತರ ದಶಕದ ಮಾತು. ನಾನು ಮೆಡಿಕಲ್ ಓದುತ್ತಿದ್ದೆ. ವಿದ್ಯಾರ್ಥಿಗಳು ಸಣ್ಣಪುಟ್ಟ ಸಂಶೋಧನೆ ಮಾಡಲೆಂದು ದಿಲ್ಲಿಯ ಒಂದು ಮಂಡಳಿ ಧನಸಹಾಯ ಕೊಡುತ್ತಿತ್ತು. ಒಬ್ಬರಿಗೆ ಎರಡೇ ಅವಕಾಶ, ನನಗೆ ಉಳಿದಿದ್ದು ಇನ್ನೊಂದೇ.

ನನ್ನ ಹಟ ಬರಿಯ ಅರ್ಜಿಗಾಗಿ ಇರಲಿಲ್ಲ. ಹಿಂದೂಪುರದಲ್ಲಿ ನನ್ನ ದೊಡ್ಡಮ್ಮ ಮುನಿಯಕ್ಕ ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಕುದಿಯುವ ನೀರಿನಲ್ಲಿ ಬೆಂದ ಗೂಡುಗಳ ನಡುವೆ ಬೆರಳಾಡಿಸಿ ಎಳೆ ಹುಡುಕಿ ಚಕ್ರಕ್ಕೆ ಕೊಡಬೇಕು, ಬೆಳಗಿನಿಂದ ಸಂಜೆಯವರೆಗೂ ಅದೇ. ಅವಳ ಬೆರಳುಗಳು ಹೇಗಾಗಿದ್ದವೆಂದರೆ, ಬಿಸಿಯನ್ನಕ್ಕೆ ಸಾರು ಕಲಸಿ ತಿನ್ನಲಾರದೆ ಚಮಚ ಹಿಡಿಯುತ್ತಿದ್ದಳು. ಅದು ಅವಳಿಗೆ ದೊಡ್ಡ ನಾಚಿಕೆ. ಯಾರಾದರೂ ಬಂದರೆ ಚಮಚವನ್ನು ಸೆರಗಿನಲ್ಲಿ ಮುಚ್ಚಿಡುತ್ತಿದ್ದಳು.

ಸ್ವಲ್ಪ ಹೊತ್ತು ಚಕ್ರ ನಿಲ್ಲಿಸಿ, ಹೆಂಗಸರ ಕೈ ನೋಡಬೇಕು ಎಂದು ಶೆಡ್ಡಿನ ಮಾಲೀಕ ಶ್ರೀರಾಮಪ್ಪನನ್ನು ಕೇಳಿದರೆ ದಿಲ್ಲಿಯವರ ಮಾತನ್ನೇ ಹೇಳಿದ. "ಮನೇಲಿ ಸೋಡಾ ಹಾಕಿ ಪಾತ್ರೆ ತಿಕ್ತಾರೆ ಕಣಮ್ಮ, ಕೈ ಕೆಡ್ತದೆ. ನನ್ ನೀರೇನ್ ಮಾಡ್ತದೆ? ಒಂದ್ ಗಳಿಗೆ ಚಕ್ರ ನಿಂತ್ರೆ ನೂಲೆಲ್ಲ ಕೆಟ್ಟೋಯ್ತದೆ. ನೀನು ಹೊರಡು."

ನಮ್ಮ ಪ್ರೊಫೆಸರ್ ಡಾಕ್ಟರ್ ಮರುಳಸಿದ್ದಪ್ಪನವರು ಈ ಸಲ ನನ್ನ ಬಾಯಿಮಾತನ್ನು ನಂಬಲಿಲ್ಲ. ಅವರ ಸಹಿಯಿಲ್ಲದೆ ಅರ್ಜಿ ಹೋಗುವಂತಿರಲಿಲ್ಲ. "ಹುಣ್ಣು ಎಲ್ಲಿದೆ, ಹೇಗಿದೆ, ಫೋಟೊ ತೆಗೆಸಿಕೊಂಡು ಬಾ. ಆಮೇಲೆ ಸಹಿ," ಎಂದರು.

ಹಿಂದೂಪುರಕ್ಕೆ ಹೋಗಿ, ಸ್ಟುಡಿಯೊ ಇಟ್ಟಿದ್ದ ಉಗ್ರಪ್ಪನನ್ನು ಕರೆದುಕೊಂಡು ಭಾನುವಾರ ದೊಡ್ಡಮ್ಮನ ಮನೆಯಂಗಳಕ್ಕೆ ಬಂದೆ. ಶೆಡ್ಡಿನ ಹೆಂಗಸರೆಲ್ಲ ತಲೆಗೆ ಹೂ ಮುಡಿದು ಸಾಲಾಗಿ ಕೂತಿದ್ದರು. ಕೈ ಚಾಚಿ ಎಂದೆ. ಚಾಚಿದರು. ಒಂದೊಂದು ಕೈಗೂ ಗೋರಂಟಿ! ಅಂಗೈ ತುಂಬ ಕೆಂಪಗೆ ಮದರಂಗಿಯ ಬಣ್ಣ, ಅದರಲ್ಲಿ ಹುಣ್ಣು ಹೇಗೆ ಕಾಣಬೇಕು?

"ಇದೇನೇ ದೊಡ್ಡಮ್ಮ, ನನ್ನ ತಲೆ ಮೇಲೆ ಕಲ್ಲು ಹಾಕಿಬಿಟ್ಟೆ!"

"ಯಾಕೆ ಕೂಗಾಡ್ತೀಯೇ? ಆಷಾಢ ಅಲ್ವಾ, ಗೋರಿಂಟಾಕು ಹಚ್ದೆ ಇರ್ತಾರಾ? ಅದ್ರಾಗೂ ದಿಲ್ಲಿಗೆ ಹೋಗೋ ಫೋಟೊ ಅಂದೆ. ಬೋಳು ಕೈ ತೋರ್ಸೋಕೆ ನಮಗೇನು ಮಾನ ಮರ್ವಾದೆ ಇಲ್ವಾ? ಎಲ್ರೂ ಕೂತು ಅರ್ದು ಹಚ್ಕೊಂಡ್ಬುಟ್ವಿ."

ಹುಣ್ಣು ತೋರಿಸಿ ಎಂದರೆ ಹಬ್ಬ ಮಾಡಿಕೊಂಡು ಬಂದಿದ್ದರು. ನನಗೆ ಅಳು, ಸಿಟ್ಟು ಒಟ್ಟಿಗೇ ಬಂತು. ಉಗ್ರಪ್ಪನಿಗೆ ಎರಡೂ ಬೇಕಿರಲಿಲ್ಲ. "ರೀಲ್ ಹಾಕ್ಬುಟ್ಟಿದೀನಿ, ವೇಸ್ಟ್ ಮಾಡಕಾಗಲ್ಲ," ಎಂದು ಒಬ್ಬೊಬ್ಬರ ಕೈಯನ್ನೂ ಹಿಡಿದು, ಹಿಂದೆ ಮುಂದೆ ತಿರುಗಿಸಿ ಫೋಟೊ ತೆಗೆದ.

ಮರುದಿನ ಸ್ಟುಡಿಯೊಗೆ ಹೋದದ್ದು ಬೈಯಲೆಂದೇ. ಮೇಜಿನ ಮೇಲೆ ಕಪ್ಪು ಬಿಳುಪಿನ ಫೋಟೊಗಳು ಹರಡಿದ್ದವು. ಬೈಯುವುದು ಬಿಟ್ಟು ಒಂದೊಂದನ್ನೇ ಎತ್ತಿ ನೋಡಿದೆ. ಅಂಗೈಗಳಿಗೆಲ್ಲ ಗೋರಂಟಿ ಕಪ್ಪಗೆ ಹತ್ತಿತ್ತು. ಆದರೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಬೆಳ್ಳಗಿತ್ತು. ಒಬ್ಬಳದಲ್ಲ, ಎಲ್ಲರದೂ.

ಗೋರಂಟಿಯ ಬಣ್ಣ ಹಿಡಿಯುವುದು ಚರ್ಮದ ಮೇಲ್ಪದರ. ಪದರವೇ ಕಿತ್ತುಹೋದ ಕಡೆ ಬಣ್ಣ ಎಲ್ಲಿ ಕೂರಬೇಕು? ಬಿಸಿನೀರಿನಲ್ಲಿ ಎಳೆ ಹುಡುಕುವುದು ಆ ಮೂರೇ ಬೆರಳು. ಪಾತ್ರೆ ತಿಕ್ಕಿ ಕೆಟ್ಟದ್ದಾದರೆ ಅಂಗೈಯೂ ಕೆಡಬೇಕಿತ್ತಲ್ಲ! ನಾನು ಕಿರುಚಿದ ರಭಸಕ್ಕೆ ಫೋಟೊ ತೆಗೆಸಲು ಬಂದಿದ್ದ ಮದುಮಕ್ಕಳು ಹೊರಗೇ ನಿಂತುಬಿಟ್ಟರು.

ಪಾತ್ರೆ ತಿಕ್ಕುವ, ಆದರೆ ರೇಷ್ಮೆ ಮುಟ್ಟದ ಕೈಗಳೂ ಈಗ ಬೇಕಾಗಿದ್ದವು. ಅಂಥವು ಬೇಕಾದಷ್ಟಿದ್ದದ್ದು ಕಲ್ಯಾಣದುರ್ಗದಲ್ಲಿ, ನಮ್ಮಮ್ಮನ ಬೀದಿಯಲ್ಲಿ. "ಅರ್ಧ ಕೆಲ್ಸ ಮಾಡಿ ಬಿಡೋನಲ್ಲ, ನಾನೂ ಬತ್ತೀನಿ," ಎಂದು ಉಗ್ರಪ್ಪ ಅಂಗಡಿಗೆ ಬೀಗ ಹಾಕಿದ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹೋದೆವು.

ನಮ್ಮಮ್ಮ ಸಣ್ಣಕ್ಕ ಕಡಲೆಕಾಯಿ ಹೊಲದ ಕಳೆ ತೆಗೆದು ಆಗಷ್ಟೇ ಬಂದಿದ್ದಳು. ಊರಿಗೆ ಕಾಲಿಟ್ಟವಳೇ ತನ್ನ ಕೈ ಹಿಡಿದು ತಿರುಗಿಸಿ ನೋಡತೊಡಗಿದ ನನ್ನನ್ನು ಕಂಡು ನಕ್ಕಳು. "ಡಾಕ್ಟ್ರಾಗಕ್ಕೆ ಕಳ್ಸಿದ್ರೆ ಹಸ್ತ ನೋಡಿ ಶಾಸ್ತ್ರ ಹೇಳೋದು ಕಲ್ತ್ಕೊಂಡ್ ಬಂದ್ಯೇನೇ ಚೌಡಿ?"

ಅಲ್ಲೂ ಆಷಾಢವೇ, ಅಲ್ಲೂ ಗೋರಂಟಿಯೇ. ಸೋಡಾ, ಬೂದಿ, ಮಣ್ಣು ಎಲ್ಲವನ್ನೂ ಉಂಡ ಕೈಗಳು. ಬೀದಿಯ ಯಾರ ಕೈ ನೋಡಿದರೂ ಬೆರಳ ತುದಿಯವರೆಗೆ ಒಂದೇ ಸಮ ಬಣ್ಣ. ನಾನು ಅಮ್ಮನ ಕೈಗೆ ಮುತ್ತು ಕೊಟ್ಟೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಖುಷಿಯಂತೂ ಆಯಿತು.

ಮರುಳಸಿದ್ದಪ್ಪನವರು ಎರಡೂರಿನ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅವರು ಸುಲಭಕ್ಕೆ ಸೋಲುವವರಲ್ಲ.

"ಇವರು ಆ ಬೆರಳುಗಳಿಗೆ ಗೋರಂಟಿ ಹಚ್ಚಿಕೊಂಡೇ ಇಲ್ಲದಿದ್ದರೆ?"

"ಉಗುರು ನೋಡಿ ಸಾರ್. ಉಗುರಿಗೆಲ್ಲ ಬಣ್ಣ ಹತ್ತಿದೆ. ಬೆರಳ ತುದಿಗೆ ಟೋಪಿಯ ಹಾಗೆ ಮೆತ್ತುತ್ತೇವೆ ನಾವು. ಉಗುರಿಗೆ ಹಚ್ಚಿ ಬೆರಳು ಬಿಡುವುದು ಹೇಗೆ?"

ಅವರು ಭೂತಗನ್ನಡಿ ಹಿಡಿದು ಉಗುರು ನೋಡಿದರು. ಆಮೇಲೆ ಜೋರಾಗಿ ನಕ್ಕು ಪೆನ್ನಿನ ಟೋಪಿ ತೆಗೆದರು. "ನಮ್ಮ ಮನೆಯಲ್ಲೂ ಪ್ರತಿ ಆಷಾಢ ಹಚ್ಚುತ್ತಾರೆ. ಇಷ್ಟು ವರ್ಷ ನಾನೇನು ನೋಡುತ್ತಿದ್ದೆನೋ! ಹೋಗು, ಅಂಚೆಗೆ ಹಾಕು."

ದಸರೆ ಕಳೆದ ಮೇಲೆ ಮಂಜೂರಾತಿ ಬಂತು. ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಯಾರೋ ಸತ್ತರೆಂದು ತಿಳಿದು ವಾರ್ಡನ್ ಓಡಿಬಂದರು.

ಮಂಜೂರಾತಿ ಪತ್ರ ಹಿಡಿದು ಹಿಂದೂಪುರಕ್ಕೆ ಹೋಗಿ ಶ್ರೀರಾಮಪ್ಪನ ಮುಂದೆ ನಿಂತೆ. ದಿಲ್ಲಿಯ ಮೊಹರು ನೋಡಿ ಅವನು ಎದ್ದು ಕುರ್ಚಿ ಕೊಟ್ಟ. ನಾನು ಕೂರಲಿಲ್ಲ. "ದಿನಾ ಮಧ್ಯಾಹ್ನ ಒಂದು ಗಂಟೆ ಚಕ್ರ ನಿಲ್ಲಬೇಕು. ಕೈ ಒರೆಸಿ, ಒಣಗಿಸಿದರೆ ಹುಣ್ಣು ಮಾಯುತ್ತದೋ ನೋಡಬೇಕು. ಸಹಕರಿಸಿದ ಶೆಡ್ಡಿನ ಹೆಸರು ವರದಿಯಲ್ಲಿ ಬರುತ್ತದೆ. ಬಾಗಿಲು ಮುಚ್ಚಿದವರ ಹೆಸರೂ ಬರುತ್ತದೆ," ಎಂದೆ.

ಅವನು ಮೊಹರನ್ನು ಇನ್ನೊಮ್ಮೆ ನೋಡಿದ. ಆಮೇಲೆ ಒಳಗೆ ತಿರುಗಿ, "ಆಪಂಡಮ್ಮಾ, ನಿಲ್ಸಿ," ಎಂದ.

ಚಕ್ರಗಳು ಒಂದೊಂದಾಗಿ ನಿಂತವು. ಹಗಲು ಹೊತ್ತಿನಲ್ಲಿ ಆ ಶೆಡ್ಡು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ನೀರಿನಿಂದ ಕೈ ತೆಗೆದರು, ತೆಗೆದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತರು. ನನ್ನ ಎದೆ ಉಬ್ಬಿಹೋಗಿತ್ತು. ಟವೆಲ್ ಹಿಡಿದು ಮೊದಲು ದೊಡ್ಡಮ್ಮನ ಕಡೆ ಹೋದೆ.

ಅವಳು ನನ್ನನ್ನು ದಾಟಿ ನಡೆದಳು. ಇಷ್ಟು ವರ್ಷ ಮಾಲೀಕನಿಗೆ ಎದುರು ಮಾತಾಡದಿದ್ದವಳು ಅವನ ಮುಂದೆ ನಿಂತು, ಹಬೆಯಾಡುತ್ತಿದ್ದ ಎರಡು ಕೈಯನ್ನೂ ಅವನ ಮುಖದೆದುರು ಬಿಡಿಸಿ ಹಿಡಿದಳು.

"ಮೊದ್ಲು ನೀನ್ ನೋಡಪ್ಪ," ಎಂದಳು. "ಇದು ಪಾತ್ರೆ ತಿಕ್ಕಿದ್ದಲ್ಲ."