‘ಓದು’ ಎಂಬ ಫೋಲ್ಡರ್

ಅಜ್ಜಂಪುರದ ತೆಂಗು ಬೆಳೆಗಾರರ ಸಂಘಕ್ಕೆ ತರೀಕೆರೆಯ ಕಾಲೇಜೊಂದು ತನ್ನ ಹಳೆಯ ಕಂಪ್ಯೂಟರನ್ನು ಕೊಟ್ಟಿತ್ತು. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ, ಊರಲ್ಲಿ ಹೆಚ್ಚು ಜನ ಬಳಸದ ವ್ಯವಸ್ಥೆ. ಸಂಘದಲ್ಲಿ ಅದನ್ನು ಮುಟ್ಟುವ ಧೈರ್ಯ ಇದ್ದವಳು ನಯನ ಒಬ್ಬಳೇ. ಬುಕ್ಕಾಂಬುಧಿಯಿಂದ ದಿನಾ ಬಸ್ಸಿಗೆ ಸಂಘದ ಕೆಲಸಕ್ಕೆ ಬಂದು ಹೋಗುತ್ತಿದ್ದ ಅವಳು ಕಡೂರಿನಲ್ಲಿ ಡಿಪ್ಲೊಮಾ ಓದುವಾಗ ಲಿನಕ್ಸ್ ಕಲಿತಿದ್ದಳು.

ಸದಸ್ಯರ ವಿವರ ತುಂಬುವ ಮೊದಲು ಒಳಗೆ ಏನೇನಿದೆ ನೋಡಿಬಿಡೋಣ ಎಂದು ಅವಳು /etc ತೆರೆದಳು. ಯಂತ್ರ ಹೇಗೆ ನಡೆದುಕೊಳ್ಳಬೇಕು ಎಂಬ ಸೂಚನೆಗಳೆಲ್ಲ ಇರುವ ಜಾಗ ಅದು. ಹೆಚ್ಚಿನವು ಪರಿಚಯದ ಫೈಲುಗಳೇ. ನಡುವೆ ಒಂದು ಫೋಲ್ಡರ್ ಮಾತ್ರ ಅವಳು ಎಲ್ಲೂ ಕಂಡದ್ದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘odu’ ಎಂದು ಹೆಸರಿತ್ತು.

ಈ ಫೈಲುಗಳು ಯಾವ ಸಾಫ್ಟ್‌ವೇರಿನ ಜೊತೆ ಬಂದವು ಎಂದು ಯಂತ್ರವನ್ನೇ ಕೇಳಿದಳು. ಯಾವುದರ ಜೊತೆಗೂ ಬಂದಿಲ್ಲ ಎಂಬ ಉತ್ತರ ಬಂತು. ಯಾರೋ ಕೈಯಾರೆ ತಂದಿಟ್ಟಿದ್ದಾರೆ. ಅದೂ ಅಲ್ಲದೆ ಕಂಪ್ಯೂಟರ್ ಆನ್ ಆದ ಕೂಡಲೇ ಅಲ್ಲಿಂದ ಏನೋ ಒಂದು ತಾನಾಗಿಯೇ ಶುರುವಾಗುತ್ತಿತ್ತು. ಹೊರಗಿನವರು ಯಾರಾದರೂ ಒಳನುಗ್ಗಿದ್ದಾರೋ ಏನೋ ಎಂದು ನಯನ ಮೊದಲು ಇಂಟರ್‌ನೆಟ್ಟಿನ ವೈರು ಕಿತ್ತಳು.

ಕಾರ್ಯದರ್ಶಿ ಷಣ್ಮುಖಪ್ಪನವರು ಇಣುಕಿ ನೋಡಿದರು. “ಏನಮ್ಮಾ, ಕಳ್ಳ ಏನಾದ್ರೂ ಹೊಕ್ಕವ್ನಾ? ಅಳಿಸಿ ಬಿಸಾಕು ಅತ್ಲಾಗೆ.”

“ಏನು ಅಂತ ತಿಳೀದೆ ಹೆಂಗೆ ಅಳಿಸ್ಲಿ ಸಾರ್? ನೋಡ್ತೀನಿ ತಡೀರಿ.”

ಒಂದು ಫೈಲು ತೆರೆದಳು. ಕನ್ನಡ! ಎಡಕ್ಕೆ ಒಂದು ಪದ, ಬಲಕ್ಕೆ ಅದೇ ಪದ ಬಾಯಲ್ಲಿ ಹೇಳುವಂತೆ ಬಿಡಿಸಿ ಬರೆದದ್ದು. ಹಿರೇನಲ್ಲೂರು, ಕೆಮ್ಮಣ್ಣುಗುಂಡಿ, ಕೊನೆಗೆ ಅವಳ ಊರು ಬುಕ್ಕಾಂಬುಧಿಯೂ ಇತ್ತು. ಇನ್ನೊಂದು ಫೈಲಿನಲ್ಲಿ ದನಿ ಎಷ್ಟು ದೊಡ್ಡದಿರಬೇಕು, ಎಷ್ಟು ನಿಧಾನ ಇರಬೇಕು ಎಂಬ ಲೆಕ್ಕ. ಆಗ ಅವಳಿಗೆ ಅನುಮಾನ ಬಂತು. ಪಕ್ಕದ ಮೊಬೈಲ್ ಅಂಗಡಿಯಿಂದ ಸ್ಪೀಕರ್ ಕೇಳಿ ತಂದು ಸಿಕ್ಕಿಸಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಳು.

“ಕಂಪ್ಯೂಟರ್ ಸಿದ್ಧವಾಗಿದೆ. ಏನು ಓದಲಿ?” ಎಂದಿತು ಅದು.

ಷಣ್ಮುಖಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. ನಯನ ಮಾತ್ರ ಅಲುಗಲಿಲ್ಲ. ಅವಳಿಗೆ ಅಪ್ಪನ ನೆನಪಾಗಿತ್ತು.

ಅವಳ ಅಪ್ಪ ಚನ್ನಬಸಪ್ಪನವರಿಗೆ ಬೆಳಗ್ಗೆ ಪೇಪರ್ ಓದದೆ ಕಾಫಿ ಒಳಗಿಳಿಯುತ್ತಿರಲಿಲ್ಲ. ಶಾಲೆಯ ಮುಖ ಕಾಣದ ಹೆಂಡತಿ ಸಾವಿತ್ರಮ್ಮನಿಗೂ ಕೇಳಲಿ ಎಂದು ಗಟ್ಟಿಯಾಗಿ ಓದುತ್ತಿದ್ದರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋದ ಮೇಲೆ ಪೇಪರ್ ತರಿಸುವುದನ್ನೇ ನಿಲ್ಲಿಸಿದ್ದರು. ನಯನ ಓದಿ ಹೇಳುತ್ತೇನೆಂದರೆ, “ನಿಂಗೆ ಬಸ್ಸಿಗೆ ಹೊತ್ತಾಯ್ತದೆ, ಹೋಗವ್ವ” ಎನ್ನುತ್ತಿದ್ದರು.

ಅವಳು ಕಾಲೇಜಿಗೆ ಫೋನ್ ಮಾಡಿದಳು. ಯಾರು ಯಾರನ್ನೋ ದಾಟಿ ಫೋನು ಲ್ಯಾಬ್ ನೋಡಿಕೊಳ್ಳುವ ಶರ್ಮಿಳಾ ಮೇಡಂ ಕೈಗೆ ಹೋಯಿತು.

“ಮೇಡಂ, ನೀವು ಕೊಟ್ಟ ಕಂಪ್ಯೂಟರಲ್ಲಿ ಓದು ಅಂತ ಒಂದು ಫೋಲ್ಡರ್ ಐತೆ...”

ಆ ಕಡೆಯಿಂದ ತಟ್ಟನೆ ಪ್ರಶ್ನೆ ಬಂತು. “ಅಳಿಸ್ಬಿಟ್ರಾ?”

“ಇಲ್ಲ ಮೇಡಂ. ಸ್ಪೀಕರ್ ಹಾಕ್ದೆ, ಮಾತಾಡ್ತು.”

ಶರ್ಮಿಳಾ ನಕ್ಕರು. ಆಮೇಲೆ ಅದರ ಕಥೆ ಹೇಳಿದರು. ಕಣ್ಣು ಕಾಣದ ದುಶ್ಯಂತ್ ಎಂಬ ವಿದ್ಯಾರ್ಥಿಗಾಗಿ, ಅವನ ಜೊತೆಗೇ ಕೂತು ಬೇಸಿಗೆ ರಜೆಯೆಲ್ಲ ಮಾಡಿದ ಕೆಲಸ ಅದು. ಯಂತ್ರ ನಮ್ಮ ಊರುಗಳ ಹೆಸರನ್ನು ತಪ್ಪಾಗಿ ಅಂದಾಗಲೆಲ್ಲ ಅವನು ಕೇಳಿ ಹಿಡಿಯುತ್ತಿದ್ದ, ಇವರು ತಿದ್ದಿ ಬರೆಯುತ್ತಿದ್ದರು. ಅವನೀಗ ಕಡೂರಿನಲ್ಲಿ ಮೇಷ್ಟ್ರು. ಇವರು ರಜೆಯಲ್ಲಿದ್ದಾಗ ಕಂಪ್ಯೂಟರ್ ಯಾರಿಗೋ ಕೊಟ್ಟಾಗಿತ್ತು, ಇಟ್ಟುಕೊಂಡಿದ್ದ ಪ್ರತಿಯೂ ಕೆಟ್ಟುಹೋಗಿತ್ತು.

“ಹೋಯ್ತು ಅಂತ್ಲೇ ಕೈ ಚೆಲ್ಲಿದ್ವಿ ಕಣ್ರೀ. ನೀವು ಉಳಿಸಿಕೊಟ್ರಿ.”

“ನಾನೇನೂ ಮಾಡಿಲ್ಲ ಮೇಡಂ. ನಮ್ಮಪ್ಪಂಗೂ ಕಣ್ಣು ಕಾಣಲ್ಲ. ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಐತೆ. ಅದಕ್ಕೂ ಹಾಕ್ಕೊಳ್ಳಲಾ?”

“ಅದನ್ನ ಕೇಳ್ಬೇಕಾ? ನಾವೇ ಬತ್ತೀವಿ.”

ಭಾನುವಾರ ಶರ್ಮಿಳಾ, ದುಶ್ಯಂತ್ ಇಬ್ಬರೂ ಬುಕ್ಕಾಂಬುಧಿಗೆ ಬಂದರು. ನಯನ ತಂದಿಟ್ಟಿದ್ದ ಫೈಲುಗಳು ಲ್ಯಾಪ್‌ಟಾಪಿನಲ್ಲಿ ಕೂರಲು ಮೊದಲು ಹಟ ಮಾಡಿದವು. ಶರ್ಮಿಳಾ ಅಲ್ಲಿ ಇಲ್ಲಿ ತಿದ್ದಿದರು. ಊಟದ ಹೊತ್ತಿಗೆ ದನಿ ಬಂತು. ದುಶ್ಯಂತ್ ಚನ್ನಬಸಪ್ಪನವರ ಪಕ್ಕ ಚಾಪೆಯ ಮೇಲೆ ಕೂತು, ಅವರ ತೋರುಬೆರಳು ಹಿಡಿದು ಕೀಬೋರ್ಡಿನ ಮೇಲಿಟ್ಟ.

“ಅಪ್ಪಾಜಿ, ಈ ಗುಂಡಿ ಮೇಲೆ ಒಂದು ಸಣ್ಣ ಗೆರೆ ಸಿಗ್ತಾ? ಅಲ್ಲಿಂದ ಲೆಕ್ಕ ಹಿಡೀರಿ. ನಾನೂ ಹಿಂಗೇ ಕಲ್ತಿದ್ದು.”

“ಸಿಕ್ತು, ಸಿಕ್ತು.” ಒರಟು ಬೆರಳು ತಡಕಾಡಿತು, ತಪ್ಪಿತು, ಮತ್ತೆ ಸರಿದಾರಿ ಹಿಡಿಯಿತು. ನಯನ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿದ್ದ ಅವತ್ತಿನ ಪೇಪರ್ ಮಾತಾಡತೊಡಗಿತು. ಚನ್ನಬಸಪ್ಪನವರು ತಲೆ ವಾಲಿಸಿ ಕೇಳಿದರು. “ಲೇ ನಯನಾ, ಇದ್ಯಾವ ಸೀಮೆ ಕನ್ನಡವೇ! ನೆಗಡಿ ಆದೋನಂಗೆ ಮಾತಾಡ್ತದೆ. ಇರ್ಲಿ ಇರ್ಲಿ, ನಿಲ್ಲಿಸ್ಬೇಡ.”

ಸಾವಿತ್ರಮ್ಮ ಸಾರಿನ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದರು. “ನೀವು ಓದೋವಾಗ ನಿಮ್ಗೆ ಬೇಕಾದ್ದಷ್ಟೇ ಓದ್ತಿದ್ರಿ. ಇದು ಒಂದೂ ಬಿಡದಂಗೆ ಓದ್ತದೆ ಕಣ್ರೀ,” ಎಂದರು. ಮನೆಯೆಲ್ಲ ನಕ್ಕಿತು. ಚನ್ನಬಸಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದು ನೆನೆದು ನಯನ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಸಂಜೆ ಹೊರಡುವಾಗ ಶರ್ಮಿಳಾ ನಯನಳ ಕೈ ಹಿಡಿದುಕೊಂಡು ಮತ್ತೆ ಉಪಕಾರದ ಮಾತು ಹೇಳಲು ಹೊರಟರು, ಅವಳು ಬೇಡವೆಂದು ತಲೆಯಾಡಿಸಿದಳು. ಚನ್ನಬಸಪ್ಪನವರು ಜಗಲಿಗೆ ಬಂದು ದುಶ್ಯಂತನಿದ್ದ ಕಡೆ ತಿರುಗಿ ಕೈಮುಗಿದರು. ಆಮೇಲೆ, ಅದು ಅವನಿಗೆ ಕಾಣುವುದಿಲ್ಲವೆಂದು ಹೊಳೆಯಿತೇನೋ, ಮುಗಿದ ಕೈ ಬಿಡಿಸಿ ಮುಂದೆ ಚಾಚಿದರು. ಹುಡುಕುತ್ತಾ ಅವನ ಭುಜ ಸಿಕ್ಕಿತು. ಹತ್ತಿರ ಎಳೆದು ತಬ್ಬಿಕೊಂಡರು.

“ಬತ್ತಾ ಇರಪ್ಪ,” ಎಂದರು.