ಪಾರ್ಟಿಷನ್

ನಮ್ಮ ಬೋರ್ಡಿನಂಗಡಿಯ ಹಳೆಯ ಕಂಪ್ಯೂಟರ್ ಹಲ್ಲಿನ ಡಾಕ್ಟರೊಬ್ಬರ ಬೋರ್ಡಿನ ಕೆಲಸದ ನಡುವೆಯೇ ನೆಗೆದುಬಿತ್ತು. ಅಂಟುಹಾಳೆಯಲ್ಲಿ ಅಕ್ಷರ ಕೊಯ್ಯುವ ಯಂತ್ರ ‘ದಂತ’ದವರೆಗೆ ಕೊಯ್ದು, ‘ವೈದ್ಯ’ಕ್ಕೆ ಬರುವ ಮೊದಲೇ ನಿಂತುಬಿಟ್ಟಿತು. ನನ್ನ ಗಂಡ ಮತ್ತು ಮೈದುನ ಒಟ್ಟಿಗೆ ಹೋಗಿ ಹೊಸದೊಂದನ್ನು ಹೊತ್ತು ತಂದರು. ಅಲ್ಲಿಯವರೆಗೆ ಅಣ್ಣತಮ್ಮಂದಿರು ಹಾಲು ಜೇನು. ತಂದದ್ದು ಖಾಲಿ ಪೆಟ್ಟಿಗೆ. ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂಬ ಪ್ರಶ್ನೆ ಎದ್ದದ್ದೇ ತಡ, ಇಬ್ಬರೂ ಎಣ್ಣೆ ಸೀಗೆಕಾಯಿ ಆದರು.

ಗುರುತಿನ ಚಿತ್ರದ ಮೇಲೆ ಹೇಳುವುದಾದರೆ, ನನ್ನ ಗಂಡನದು ಕಿಟಕಿ ಪಕ್ಷ, ಮೈದುನನದು ಹಕ್ಕಿ ಪಕ್ಷ. ಅವುಗಳ ನಿಜವಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ, ಯಾವುದನ್ನು ಮೊದಲು ಹೇಳಿದೆ ಎಂಬುದರ ಮೇಲೆ ನಾನು ಯಾರ ಕಡೆಯವಳೆಂದು ಇಬ್ಬರೂ ಲೆಕ್ಕ ಹಾಕುತ್ತಾರೆ.

“ಊರೆಲ್ಲಾ ಕಿಟಕೀನೇ ಇಟ್ಕೊಂಡಿದೆ. ಊರಿಗೆ ತಲೆ ಇಲ್ವಾ?” ಎಂದ ಗಂಡ.

“ಊರು ಅಪ್‌ಡೇಟ್ ಆಗೋ ತನಕ ಕೈ ಕಟ್ಕೊಂಡು ಕೂತಿರುತ್ತೆ. ನಮ್ಮ ಹಕ್ಕೀಲಿ ಎಲ್ಲಾ ನಮ್ಮ ಕೈಲೇ ಇರುತ್ತೆ ಕಣಣ್ಣ.”

“ಹೌದಪ್ಪ. ಅದು ಮಾಡ್ಬೇಕಾದ ಕೆಲಸಾನೂ ನಾವೇ ಕೈಯಾರೆ ಮಾಡ್ಬೇಕು.”

ಇಷ್ಟರಲ್ಲಿ ಹಲ್ಲಿನ ಡಾಕ್ಟರು ಬೋರ್ಡು ಏನಾಯಿತೆಂದು ವಿಚಾರಿಸಲು ಬಂದರು. ವಿಷಯ ಕೇಳಿದ ಕೂಡಲೇ ಸ್ಟೂಲಿನ ಮೇಲೆ ಕೂತು, ತೊಟ್ಟಿಲಿನಿಂದ ಮಗುವನ್ನು ಎತ್ತುವಂತೆ ಚೀಲದಿಂದ ತಮ್ಮ ತೆಳ್ಳನೆಯ ಕಂಪ್ಯೂಟರನ್ನು ಎತ್ತಿದರು. ಅವರು ಹಣ್ಣಿನ ಪಕ್ಷ.

“ಬೋರ್ಡ್ ಆಮೇಲಾಗ್ಲಿ ಬಿಡಿ. ಆ ಡಬ್ಬಾ ವಾಪಸ್ ಕೊಟ್ಟು ಇದನ್ನ ತಗೊಳ್ಳಿ. ಅಕ್ಷರ ನೋಡಿ, ಎಷ್ಟು ನುಣುಪಾಗಿದೆ!”

ಅಂದಿನಿಂದ ಡಾಕ್ಟರು ದಿನವೂ ಹಾಜರು. ಕೊಯ್ದಿದ್ದ ‘ದಂತ’ವನ್ನಷ್ಟೇ ಒಯ್ದು ಬಾಗಿಲಿಗೆ ಅಂಟಿಸಿಕೊಂಡಿದ್ದರು, ಯಾರೋ ಒಳಗೆ ಬಂದು ಆನೆದಂತದ ವ್ಯಾಪಾರವೇ ಎಂದು ಕೇಳಿದರಂತೆ. ಅದಕ್ಕೂ ಅವರು ಬೇಸರಪಡಲಿಲ್ಲ. ಊದಿದ ಕೆನ್ನೆ ಹಿಡಿದುಕೊಂಡ ಒಬ್ಬ ರೋಗಿ ಅವರನ್ನು ಹುಡುಕಿಕೊಂಡು ನಮ್ಮ ಅಂಗಡಿಗೇ ಬಂದರು. ಬಾಯಿ ತೆರೆಯಲಾಗದ ಕಾರಣ ಯಾವ ಪಕ್ಷವನ್ನೂ ಸೇರದೆ ಉಳಿದವರು ಅವರೊಬ್ಬರೇ.

ವಾರಗಳು ಕಳೆದವು. ಯಾವುದು ಬೇಗ ಏಳುತ್ತದೆ, ಯಾವುದಕ್ಕೆ ವೈರಸ್ ತಗಲುವುದಿಲ್ಲ, ಯಾವುದು ಹೇಳದೆ ಕೇಳದೆ ಸ್ತಬ್ಧವಾಗುತ್ತದೆ ಎಂದು ಮೊಸರಲ್ಲಿ ಕಲ್ಲು ಹುಡುಕಿದ್ದೇ ಹುಡುಕಿದ್ದು. ಕೊಯ್ಯುವ ಯಂತ್ರದ ಮೇಲೆ ಧೂಳು ಕೂತಿತು. ನನಗಂತೂ ತಲೆ ಚಿಟ್ಟು ಹಿಡಿದಿತ್ತು.

ಕೆಲಸವಿಲ್ಲದೆ ಹೆಚ್ಚು ಒದ್ದಾಡಿದವರು ಅತ್ತೆ. ಕೊಯ್ದ ಅಕ್ಷರಗಳ ಹೊಟ್ಟೆಯೊಳಗಿನ ಬೇಡದ ಚೂರುಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯುವುದು ಅವರ ಕೆಲಸ. ಅಕ್ಷರವಿಲ್ಲದ ಮೇಲೆ ಸೂಜಿಗೇನು ಕೆಲಸ? ಅಂಗಡಿಗೆ ಅಂಟಿಕೊಂಡೇ ಇರುವ ಮನೆಯ ಒಳಕೋಣೆಯಲ್ಲಿ ಸುಮ್ಮನೆ ಕೂತು ಮಕ್ಕಳ ಏರುದನಿ ಕೇಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅಂಗಡಿಯನ್ನೂ ಮಕ್ಕಳನ್ನೂ ಒಂದೇ ಸೂರಿನಡಿ ಹಿಡಿದಿಟ್ಟವರು ಅವರು. ಹಿಂದೆ ಮಾವನೂ ಅವರ ತಮ್ಮನೂ ಬೇರೆಯಾದಾಗ ನಡುಮನೆಯಲ್ಲಿ ಗೋಡೆ ಎದ್ದಿತ್ತು. ಆ ಗೋಡೆಯಾಚೆ ಯಾರು ಹುಟ್ಟಿದರು, ಯಾರು ಸತ್ತರು ಎಂಬುದು ಇವರಿಗೆ ಬೀದಿಯವರಿಂದ ತಿಳಿಯುತ್ತಿತ್ತಂತೆ. ತಮ್ಮ ಮಕ್ಕಳು ಹಾಗಾಗಬಾರದು ಎಂಬುದೊಂದೇ ಅವರ ಆಸೆ.

ಕೊನೆಗೊಂದು ದಿನ ಮೈದುನ ರಾಜಿಗೆ ಬಂದ. ಪೆಟ್ಟಿಗೆಯೊಳಗಿನ ಜಾಗವನ್ನು ಎರಡು ಭಾಗ ಮಾಡಿದರೆ ಕಿಟಕಿಯೂ ಇರಬಹುದು, ಹಕ್ಕಿಯೂ ಇರಬಹುದು.

“ಸಾಕಾಗಿಹೋಯ್ತಣ್ಣ. ಪಾರ್ಟಿಷನ್ ಮಾಡ್ಬಿಡೋಣ. ನಿನ್ನ ಪಾಡಿಗೆ ನೀನು, ನನ್ನ ಪಾಡಿಗೆ ನಾನು.”

“ಮಾಡೋಣ. ಆದ್ರೆ ಸಮಪಾಲು ಯಾಕೆ? ನಿಂಗೆ ಅಷ್ಟೆಲ್ಲಾ ಜಾಗ ಬೇಕಾಗಲ್ಲ.”

“ಮಾಡೋದಾದ್ರೆ ಇವತ್ತೇ ಮಾಡ್ಕೊಳ್ಳಿ. ಹಳೇದೊಂದೂ ಉಳಿಸ್ಬೇಡಿ,” ಎಂದರು ಡಾಕ್ಟರು.

ಬಾಗಿಲ ಬಳಿ ಹಲಗೆ ಒರೆಸುತ್ತಿದ್ದ ನಾನು ತಿರುಗಿ ನೋಡಿದೆ. ಒಳಕೋಣೆಯ ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು. ಪಾರ್ಟಿಷನ್ ಎಂಬ ಪದಕ್ಕೂ ಕಂಪ್ಯೂಟರಿಗೂ ನಂಟಿದೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಕೇಳಿದ ಪಾರ್ಟಿಷನ್ ಒಂದೇ, ಆಸ್ತಿಯದು. ಮೆಲ್ಲಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತರು.

“ಮಾಡ್ಕೊಳ್ರಪ್ಪ,” ಎಂದರು. “ದಿನಾ ಕಚ್ಚಾಡೋದನ್ನ ಕೇಳೋಕಾಗಲ್ಲ ನಂಗೆ. ಅಂಗಡಿ ದೊಡ್ಡವನಿಗೆ. ಯಂತ್ರ, ಹಿಂದಿನ ಕೋಣೆ ಚಿಕ್ಕವನಿಗೆ. ನಾನಿರೋ ತನಕ ಅಡುಗೆಮನೆ ಒಂದನ್ನ ಭಾಗ ಮಾಡ್ಬೇಡಿ, ಅಷ್ಟೇ ಕೇಳ್ಕೊಳ್ಳೋದು.”

ಮೊದಲು ಅರ್ಥವಾದದ್ದು ಡಾಕ್ಟರಿಗೆ. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನಾನು ಓಡಿಬಂದು, ಮನೆಯಲ್ಲ ಅತ್ತೆ, ಈ ಹಾಳು ಡಬ್ಬಾದೊಳಗಿನ ಪಾರ್ಟಿಷನ್ ಎಂದು ಬಿಡಿಸಿ ಹೇಳಿದೆ. ಅಣ್ಣತಮ್ಮಂದಿರೂ ನಕ್ಕರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು.

“ಹಾಳಾದವ್ರಾ, ಜೀವ ಬಾಯಿಗೆ ಬಂದಿತ್ತು ನಂಗೆ!”

ನಗು ಮೊದಲು ನಿಲ್ಲಿಸಿದವನು ಮೈದುನ.

“ಅಲ್ಲಮ್ಮ, ತಮಾಷೆಗೇ ಕೇಳ್ತೀನಿ. ರಸ್ತೆ ಕಡೆ ಅಂಗಡಿ ಅಣ್ಣಂಗೆ ಅಂತ ಮೊದಲೇ ಮನಸ್ಸಲ್ಲಿ ಇಟ್ಕೊಂಡಿದ್ಯಾ?”

“ದೊಡ್ಡವನು ನಾನು. ನಂಗಲ್ದೆ ಇನ್ಯಾರಿಗೆ?” ಎಂದ ನನ್ನ ಗಂಡ, ಅಷ್ಟೇ ತಮಾಷೆಗೆ.

“ಹಿಂದಿನ ಕೋಣೇಲಿ ಯಂತ್ರ ಇಟ್ಕೊಂಡು ನಾನೇನು ಗೋಡೆಗೆ ಬೋರ್ಡ್ ಮಾರ್ಲಾ?”

“ಯಂತ್ರ ಇಲ್ದೆ ಬರೀ ಅಂಗಡೀಲಿ ನಾನೇನ್ ಮಾಡ್ಲಿ? ನೊಣ ಹೊಡೀಲಾ?”

“ಹಂಗಾದ್ರೆ ಒಂದ್ಸಲ ಅಳತೆ ಹಿಡಿದು ನೋಡೋಣ. ಸುಮ್ನೆ, ನೋಡೋಕಷ್ಟೇ.”

“ಸರಿ, ನೋಡೋಣ.”

ಕಂಪ್ಯೂಟರ್ ಬಂದಂದಿನಿಂದ ಅವರಿಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡ ಮಾತು ಅದೊಂದೇ. ಡಾಕ್ಟರು ಮೆಲ್ಲಗೆ ಚೀಲ ಎತ್ತಿಕೊಂಡು ಜಾಗ ಖಾಲಿ ಮಾಡಿದರು. ನನಗೆ ಇಬ್ಬರ ಮೇಲೂ ಮೈಯೆಲ್ಲ ಉರಿಯುವಷ್ಟು ಕೋಪ ಬಂತು, “ನಾಚ್ಕೆ ಆಗಲ್ವಾ ನಿಮ್ಗೆ?” ಎಂದು ಕೂಗಿಯೇಬಿಟ್ಟೆ. ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಬೋರ್ಡು ಅಳೆಯುವ ಟೇಪಿನ ಒಂದು ತುದಿಯನ್ನು ಗಂಡ ಬಾಗಿಲಿಗೆ ಒತ್ತಿ ಹಿಡಿದ. ಮೈದುನ ಇನ್ನೊಂದು ತುದಿ ಎಳೆದುಕೊಂಡು ಹಿಂದಿನ ಗೋಡೆಯತ್ತ ನಡೆದ. ಟೇಪು ಅತ್ತೆಯ ಕುರ್ಚಿಗೆ ತಗಲಿ ನಿಂತಿತು.

“ಅಮ್ಮ, ಸ್ವಲ್ಪ ಏಳ್ತೀಯಾ? ಅಡ್ಡ ಆಗ್ತಿದೆ.”

ಅತ್ತೆ ಎದ್ದರು. ಈಚೆಗೆ ಸರಿದರೆ ದೊಡ್ಡವನ ಕಡೆ, ಆಚೆಗೆ ಸರಿದರೆ ಚಿಕ್ಕವನ ಕಡೆ. ಮಕ್ಕಳಿಬ್ಬರೂ ಟೇಪನ್ನು ಬಿಗಿಯಾಗಿ ಹಿಡಿದು ಅವರನ್ನೇ ನೋಡುತ್ತಾ ಕಾಯುತ್ತಿದ್ದರು. ಎತ್ತ ಕಾಲಿಡಬೇಕೆಂದು ತೋಚದೆ ಅವರು ನನ್ನ ಕೈ ಹಿಡಿದುಕೊಂಡರು.