ಬೀಗ ಹಾಕದ ಸೈಕಲ್ಲುಗಳು

ಅಮ್ಮನ ಶವಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸುತ್ತಿರುವಾಗ ಮಗಳು ಅಳುವುದನ್ನು ಅರ್ಧಕ್ಕೇ ನಿಲ್ಲಿಸಿ ಎಣಿಸತೊಡಗಿದಳು. ಸ್ಮಶಾನದ ಗೇಟಿನ ಹೊರಗೆ, ಗೋಡೆಯುದ್ದಕ್ಕೂ ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ನೂರ ಅರವತ್ತಮೂರು. ಒಂದಕ್ಕೂ ಬೀಗವಿಲ್ಲ.

ಪೆಟ್ಟಿಗೆಗೆ ಹೆಗಲು ಕೊಡಲು ಬಗ್ಗಿದ್ದ ಅಣ್ಣನ ತೋಳು ಹಿಡಿದಳು. "ಅಣ್ಣಾ, ಯಾರೂ ಬೀಗ ಹಾಕಿಲ್ಲ."

"ಯಾವುದಕ್ಕೆ?"

"ಸೈಕಲ್‌ಗೆ."

"ಈಗ ಅದನ್ನ ಯೋಚನೆ ಮಾಡೋ ಹೊತ್ತಾ ಇದು?" ಎಂದು ಅಣ್ಣ ಪೆಟ್ಟಿಗೆಯ ಜೊತೆ ಒಳಗೆ ನಡೆದ.

ಅವನಿಗೇನು ಗೊತ್ತು. ಹದಿನಾಲ್ಕು ವರ್ಷದಿಂದ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಕುರ್ಚಿಯಲ್ಲಿ ಕೂತವಳು ಅವಳು. ಊರು ಹಳೆಯದು, ವಯಸ್ಸಿನಲ್ಲಿ ವಿಶ್ವವಿದ್ಯಾಲಯ ಅದಕ್ಕಿಂತ ಸ್ವಲ್ಪವೇ ಕಿರಿಯದು. ಇಲ್ಲಿ ಕೊಲೆ ಆಗುವುದು ಏಳೆಂಟು ವರ್ಷಕ್ಕೊಮ್ಮೆ. ಆದದ್ದನ್ನು ಜನ ಮುಂದಿನ ಕೊಲೆಯವರೆಗೂ ಮಾತಾಡಿ ಮುಗಿಸುವುದಿಲ್ಲ. ಆದರೆ ಸೈಕಲ್ ಮಾತ್ರ ದಿನಕ್ಕೆ ಮೂರಾದರೂ ಹೋಗಲೇಬೇಕು. ಇಂಥ ಬೀದಿಯಲ್ಲಿ ಇಷ್ಟು ಸೈಕಲ್ಲು ಒಂದು ಗಂಟೆ ಹೊತ್ತು ಹೀಗೆ ನಿಂತರೆ ನಾಲ್ಕಾದರೂ ಮಾಯ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಬೇರೆಯವರ ಸಾವಾಗಿದ್ದರೆ ನಾಲ್ಕು ಹೋದರೆ ಹೋಗಲಿ ಅನ್ನಬಹುದಿತ್ತು. ಸತ್ತವಳು ಅವಳ ತಾಯಿ, ಊರಿಗೆಲ್ಲ ಸ್ಟ್ಯಾಂಡಮ್ಮ. ವಿಶ್ವವಿದ್ಯಾಲಯದ ದೊಡ್ಡ ಗೇಟಿನ ಪಕ್ಕದ ಸೈಕಲ್ ಸ್ಟ್ಯಾಂಡನ್ನು ನಲವತ್ತೊಂದು ವರ್ಷ ನೋಡಿಕೊಂಡವಳು. ಅಷ್ಟೂ ವರ್ಷದಲ್ಲಿ ಅವಳ ಸ್ಟ್ಯಾಂಡಿನಿಂದ ಒಂದೇ ಒಂದು ಸೈಕಲ್ ಕಳೆದಿರಲಿಲ್ಲ. ಬದುಕಿನಲ್ಲಿ ಅವಳು ಸಂಪಾದಿಸಿದ್ದು ಆ ಹೆಸರೊಂದನ್ನೇ. ಇವತ್ತು ಒಂದು ಹೋದರೂ ಸಾಕು, 'ಸ್ಟ್ಯಾಂಡಮ್ಮನ ಮಣ್ಣಿಗೆ ಹೋಗಿ ಸೈಕಲ್ ಕಳಕೊಂಡೆ' ಎಂದು ಊರು ಇನ್ನೂ ನಲವತ್ತೊಂದು ವರ್ಷ ನಗುತ್ತದೆ.

ಮಗಳು ತನ್ನ ಠಾಣೆಯ ಇನ್‌ಸ್ಪೆಕ್ಟರನ್ನು ಹುಡುಕಿ ಹಿಡಿದಳು. "ಸರ್, ಗೇಟಿಗೆ ಒಬ್ಬ ಪೇದೆನ ಹಾಕಿ."

"ಪೇದೆಗಳೆಲ್ಲ ಒಳಗಿದ್ದಾರಮ್ಮ. ಅವರೂ ಆಯಮ್ಮನಿಗೆ ಮಣ್ಣು ಹಾಕೋಕೆ ಬಂದಿರೋದು."

"ಹಾಗಾದ್ರೆ ಎಲ್ಲರಿಗೂ ಬೀಗ ಹಾಕ್ಕೊಂಡು ಬರೋಕೆ ಹೇಳಿ."

"ಸಾವಿನ ಹೊತ್ತಲ್ಲಿ 'ನಿಮ್ಮ ನಿಮ್ಮ ಸೈಕಲ್ಲಿಗೆ ಬೀಗ ಹಾಕ್ಕೊಳ್ಳಿ' ಅಂತ ಕೂಗಲಾ? ಆಯಮ್ಮ ಪೆಟ್ಟಿಗೆಯಿಂದ ಎದ್ದು ಬಂದು ಬೈತಾಳೆ."

"ನಿಮ್ಮ ಸೈಕಲ್ಲಿಗಾದ್ರೂ ಹಾಕಿದೀರಾ?"

ಇನ್‌ಸ್ಪೆಕ್ಟರ್ ಜೇಬು ಮುಟ್ಟಿ ನೋಡಿಕೊಂಡ. ಬೀಗ, ಕೀಲಿ ಎರಡೂ ಜೇಬಿನಲ್ಲೇ ಇದ್ದವು. "ಆಯಮ್ಮನ ಹತ್ರ ಬರುವಾಗ ಹಾಕಬಾರದು ಅಂತ ಕೈಗೇ ಗೊತ್ತು ಕಣಮ್ಮ," ಎಂದು ನಾಚಿಕೊಂಡು ಒಳಗೆ ಹೋದ.

ಮಗಳು ಗೇಟಿನಲ್ಲೇ ನಿಂತಳು.

*

ಹಿಂದೊಮ್ಮೆ ವಿಶ್ವವಿದ್ಯಾಲಯದವರು ಸ್ಟ್ಯಾಂಡಮ್ಮನಿಗೆ ನಂಬರ್ ಹೊಡೆದ ಹಿತ್ತಾಳೆ ಬಿಲ್ಲೆಗಳನ್ನು ಒಂದು ಚೀಲ ಕೊಟ್ಟಿದ್ದರು. ಅವಳು ಅವನ್ನು ಕಿಟಕಿಯ ಮೇಲಿಟ್ಟು ಮರೆತಳು.

"ಬಿಲ್ಲೆ ನೋಡಿ ಸೈಕಲ್ ಕೊಟ್ರೆ ಬಿಲ್ಲೆ ಕದ್ದವನಿಗೂ ಕೊಡಬೇಕಾಗುತ್ತೆ," ಅನ್ನುತ್ತಿದ್ದಳು. "ಮುಖ ಕದಿಯೋಕೆ ಆಗಲ್ಲ ನೋಡು."

ಬಂದವರ ಮುಖವನ್ನು ಒಮ್ಮೆ ನೋಡುವಳು, ಸೈಕಲ್ಲನ್ನು ಒಮ್ಮೆ ನೋಡುವಳು, ಮುಗಿಯಿತು. ಸಂಜೆ ಅವರು ಬಾಯಿ ಬಿಡುವ ಮೊದಲೇ ಸೈಕಲ್ ಎದುರಿಗಿರುತ್ತಿತ್ತು. ಯಾರಾದರೂ ಹೊಸಬರು ಬೀಗ ಹಾಕಿದರೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. "ಬೀಗ ಹಾಕೋದಾದ್ರೆ ನಾನ್ಯಾಕೆ ಇಲ್ಲಿ ಕೂತಿದೀನಿ, ಬೆದರುಬೊಂಬೆ ಕೆಲಸಕ್ಕಾ?" ಅಂಥವರ ಜೊತೆ ಮೂರು ದಿನ ಮಾತಿಲ್ಲ.

ಮಗಳು ವರ್ಷದ ಕೊನೆಗೆ ಠಾಣೆಯ ಅಂಕಿಗಳನ್ನು ಊಟಕ್ಕೆ ಕೂತಾಗ ಓದಿ ಹೇಳುತ್ತಿದ್ದಳು.

"ಈ ವರ್ಷ ಸಾವಿರದ ನೂರು ಸೈಕಲ್ ಹೋಗಿವೆ ಅಮ್ಮ. ಊರು ಕೆಟ್ಟುಹೋಯ್ತು."

"ನನ್ನ ಹತ್ರ ಎಷ್ಟು ಹೋಗಿವೆ?"

"ಸೊನ್ನೆ."

"ಅದನ್ನ ಪೇಪರಲ್ಲಿ ಹಾಕಿಸಿದೀಯಾ?"

"ಹೋಗದೆ ಇರೋದನ್ನ ಯಾರಮ್ಮ ಬರ್ಕೊಳ್ತಾರೆ?"

"ಅದಕ್ಕೇ ನಿನಗೆ ಊರು ಕೆಟ್ಟಿದೆ ಅನ್ಸೋದು," ಎಂದು ಅಮ್ಮ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಮಗಳಿಗೆ ಆ ಮಾತು ಮೂರ್ಖತನ ಅನ್ನಿಸುತ್ತಿತ್ತು.

*

ನೂರ ಅರವತ್ತನಾಲ್ಕನೆಯದು ಏದುಸಿರು ಬಿಡುತ್ತ ಬಂತು. ಅದರ ಮೇಲಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಅವರೂ ಬೀಗ ಹಾಕದೆ ಸೈಕಲ್ಲನ್ನು ಮಗಳ ಕೈಗೇ ಕೊಟ್ಟರು.

"ಮುಗೀತೇನಮ್ಮ?"

"ಇಲ್ಲ ಮೇಷ್ಟ್ರೇ, ಇನ್ನೂ ಮಾತಾಡ್ತಿದಾರೆ. ಹೋಗಿ."

ಮೇಷ್ಟ್ರು ಹೋಗಲಿಲ್ಲ. "ನಿಮ್ಮಮ್ಮ ಆರು ವರ್ಷ ನನಗೆ ಚರಿತ್ರೆ ಮೇಷ್ಟ್ರ ಸೈಕಲ್ ಕೊಟ್ಟು, ಅವರಿಗೆ ನಂದು ಕೊಡ್ತಿದ್ಲು, ಗೊತ್ತಾ?"

"ಅಮ್ಮ ತಪ್ಪು ಮಾಡಿದ್ಲಾ?"

"ನಾನೂ ಹಾಗೇ ಕೇಳಿದೆ, ರಿಟೈರ್ ಆಗೋ ದಿನ. 'ನಿಮ್ಮ ಸೈಕಲ್ಲು ನಿಮಗೆ ಎತ್ತರ, ಅವರದ್ದು ಅವರಿಗೆ ಗಿಡ್ಡ. ಅದಲುಬದಲು ಮಾಡಿದ ಮೇಲೆ ಇಬ್ಬರೂ ಮಂಡಿ ನೋವು ಅನ್ನೋದು ಬಿಟ್ರಿ, ನಾನ್ಯಾಕೆ ಬಾಯಿ ಬಿಡಲಿ' ಅಂದ್ಲು."

"ಆರು ವರ್ಷ ನಿಮಗೆ ಗೊತ್ತಾಗ್ಲಿಲ್ವಾ?"

"ಸೈಕಲ್ಲನ್ನ ಯಾರು ನೋಡ್ತಾರಮ್ಮ, ಹತ್ತೋದಷ್ಟೇ," ಎಂದು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, ನಗುತ್ತ ಒಳಗೆ ಹೋದರು.

ಆಗಲೇ ಮಗಳು ಎದುರು ಗೋಡೆಗೆ ಒರಗಿ ನಿಂತವನನ್ನು ಗಮನಿಸಿದ್ದು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಎಡಗೈಯ ಕಿರುಬೆರಳು ಮೊಂಡು. ಆ ಬೆರಳನ್ನು ಅವಳು ಹನ್ನೊಂದು ಸಲ ತನ್ನ ಕೈಯಾರೆ ಬರೆದಿದ್ದಳು: 'ಗುರುತು, ಎಡಗೈ ಕಿರುಬೆರಳು ಮೊಂಡು.' ಊರೆಲ್ಲ ಹ್ಯಾಂಡಲ್ ಎಂದು ಕರೆಯುವ ಸೈಕಲ್ ಕಳ್ಳ. ಹನ್ನೊಂದು ಸಲವೂ ಅವಳು ಅವನ ಮುಖ ನೋಡಿರಲಿಲ್ಲ. ಬರೆಯುವವರು ತಲೆ ಎತ್ತುವುದು ಕಡಿಮೆ.

"ಏಯ್, ಇಲ್ಲೇನು ನಿಂಗೆ ಕೆಲಸ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹ್ಯಾಂಡಲ್ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದ. "ಮಣ್ಣಿಗೆ ಬಂದಿದೀನಿ ಮೇಡಂ. ಒಳಗೆ ಇನ್‌ಸ್ಪೆಕ್ಟರ್ ಇದಾರಲ್ಲ, ಮುಜುಗರ ಆಯ್ತು. ಇಲ್ಲಿಂದಲೇ ಕೈ ಮುಗಿದೆ."

"ನಮ್ಮಮ್ಮ ನಿಂಗೆ ಹೇಗೆ ಗೊತ್ತು?"

"ಗಾಳಿ ಹೊಡೆಸಿದ್ರು," ಎಂದ ಹ್ಯಾಂಡಲ್.

*

ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಸ್ಟ್ಯಾಂಡಿಗೆ ಬಂದು ಹೊಸ ಸೈಕಲ್ಲೊಂದನ್ನು ತೋರಿಸಿ, "ನಂದು, ಕೊಡಿ" ಎಂದಿದ್ದ. ಸ್ಟ್ಯಾಂಡಮ್ಮ ಅವನ ಮುಖವನ್ನು ನೋಡಿದಳು. ಸಾವಕಾಶವಾಗಿ, ಹಣೆಯಿಂದ ಗಲ್ಲದವರೆಗೆ.

"ಇದು ನಿಂದಲ್ಲ. ನಿಂದ್ಯಾವುದು?"

"ನಂದು ಇಲ್ಲ."

"ಇಲ್ಲಿಲ್ವೋ, ಎಲ್ಲೂ ಇಲ್ವೋ?"

"ಎಲ್ಲೂ ಇಲ್ಲ."

"ಹಾಗಾದ್ರೆ ಕೂತ್ಕೋ. ಆ ಪಂಪ್ ತಗೋ, ಆ ಸಾಲಲ್ಲಿ ಗಾಳಿ ಕಡಿಮೆ ಇರೋದಕ್ಕೆಲ್ಲ ಹೊಡಿ."

ಓಡಿ ಹೋಗಬಹುದಿತ್ತು. ಯಾಕೋ ಓಡಲಿಲ್ಲ. ಸಂಜೆಯವರೆಗೆ ಅರವತ್ತು ಚಕ್ರಕ್ಕೆ ಗಾಳಿ ಹೊಡೆದ. ಹೊರಡುವಾಗ ಅವಳು ತನ್ನ ಬುತ್ತಿಯಲ್ಲಿ ಉಳಿದಿದ್ದನ್ನು ತಿನ್ನಿಸಿದಳು. ಆಮೇಲಿಂದ ಮಾರುಕಟ್ಟೆಯ ನಡುವೆ ಎದುರಾದಾಗೆಲ್ಲ ನಾಲ್ಕು ಜನಕ್ಕೆ ಕೇಳುವಂತೆ, "ಏನಪ್ಪ, ಇವತ್ತು ಯಾರದ್ದು ಎತ್ತಿದೆ?" ಎನ್ನುವಳು. ಅವನು ಎಷ್ಟೋ ಸಲ ಮುಟ್ಟಿದ ಹ್ಯಾಂಡಲ್ಲನ್ನು ಹಾಗೇ ಬಿಟ್ಟು ಬೇರೆ ಬೀದಿ ಹಿಡಿದಿದ್ದ.

*

"ಪೂರ್ತಿ ಬಿಟ್ಟೆ ಅಂತ ಸುಳ್ಳು ಹೇಳಲ್ಲ ಮೇಡಂ," ಎಂದ ಹ್ಯಾಂಡಲ್. "ಕಡಿಮೆ ಮಾಡಿದೆ. ಆದ್ರೆ ಅಮ್ಮನ ಸ್ಟ್ಯಾಂಡ್ ಕಡೆ ನಮ್ಮವರು ಯಾರೂ ತಲೆ ಹಾಕಲಿಲ್ಲ. ಮುಖ ನೋಡಿಬಿಡ್ತಾರಲ್ಲ."

ಒಳಗಿಂದ ಅಣ್ಣ ಓಡುನಡಿಗೆಯಲ್ಲಿ ಬಂದ. "ಎಲ್ಲಾ ನಿನಗೇ ಕಾಯ್ತಾ ಇದಾರೆ. ಬಾರೇ, ಮಣ್ಣು ಹಾಕು."

"ಇವನ್ನ ಬಿಟ್ಟು ಹೇಗೆ ಬರಲಿ?"

"ನೀನು ಹಾಕದೆ ಮುಚ್ಚೋಕೆ ನನ್ನ ಕೈಲಾಗಲ್ಲ."

ಅವಳಿಗೆ ತಾಯಿಯ ಮುಖ ನೋಡಬೇಕೆನ್ನಿಸಿತು. ಆದರೆ ಅದೇ ತಾಯಿಯ ಹೆಸರು ಇಲ್ಲಿ ಗೋಡೆಯುದ್ದಕ್ಕೂ ಬೀಗವಿಲ್ಲದೆ ನಿಂತಿತ್ತು.

"ನಾನು ನಿಂತಿರ್ತೀನಿ, ಹೋಗಿ ಬನ್ನಿ," ಎಂದ ಹ್ಯಾಂಡಲ್.

ಅಣ್ಣ ಅವನ ಬೆರಳು ನೋಡಿದ. "ಇವನು ಅವನಲ್ವಾ? ಬೆಕ್ಕನ್ನ ಹಾಲಿಗೆ ಕಾವಲು ಇಡ್ತೀಯಾ?"

ಮಗಳು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹ್ಯಾಂಡಲ್‌ನ ಮುಖ ನೋಡಿದಳು. ಹಣೆಯಿಂದ ಗಲ್ಲದವರೆಗೆ. ಹುಬ್ಬಿನ ಮೇಲೊಂದು ಹಳೆಯ ಗಾಯ, ಅತ್ತು ಕೆಂಪಾದ ಕಣ್ಣು, ಅವಸರದಲ್ಲಿ ಬೋಳಿಸಿದ ಗಡ್ಡ. ಇಷ್ಟು ನೋಡಿದರೆ ಸಾಕೋ ಸಾಲದೋ ಎಂದು ಅವಳಿಗೆ ತಿಳಿಯಲಿಲ್ಲ. ಅಮ್ಮ ಅದನ್ನು ಹೇಳಿಕೊಟ್ಟಿರಲಿಲ್ಲ.

"ನೂರ ಅರವತ್ತನಾಲ್ಕಿವೆ," ಎಂದಳು.

"ಗೊತ್ತು. ನಾನೂ ಎಣಿಸಿದೀನಿ."

ಅವಳು ಓಡಿದಳು. ಅಮ್ಮನ ಮುಖ ಯಾರದೋ ಸೈಕಲ್ ಕಾಯುತ್ತಿರುವಂತೆ ನೆಮ್ಮದಿಯಾಗಿತ್ತು. ಮಗಳು ಆ ಹಣೆಗೆ ಹಣೆ ಮುಟ್ಟಿಸಿ ಬಿಕ್ಕಿಬಿಕ್ಕಿ ಅತ್ತಳು. ಪೆಟ್ಟಿಗೆ ಮುಚ್ಚಿ ಕೆಳಗಿಳಿಸಿದರು. ಅವಳು ಮೂರು ಹಿಡಿ ಮಣ್ಣು ಹಾಕಿದಳು, ನಾಲ್ಕನೆಯದಕ್ಕೆ ಬಗ್ಗಿದವಳು ಹಾಗೇ ತಿರುಗಿ ಗೇಟಿನತ್ತ ಓಡಿದಳು. ಹಿಂದೆ ಯಾರೋ, "ಪಾಪ, ತಡಕೊಳ್ಳೋಕೆ ಆಗ್ತಿಲ್ಲ ಅವಳಿಗೆ," ಎಂದರು.

ಸೈಕಲ್ಲುಗಳು ಇದ್ದಲ್ಲೇ ಇದ್ದವು. ಹ್ಯಾಂಡಲ್ ಬಗ್ಗಿ ಒಂದರ ಚಕ್ರ ಒತ್ತಿ ಗಾಳಿ ನೋಡುತ್ತಿದ್ದ.

ಜನ ಹೊರಗೆ ಬಂದಾಗ ಹೊಸ ಫಜೀತಿ ಶುರುವಾಯಿತು. ಯಾರೂ ತಮ್ಮ ಸೈಕಲ್ ತಾವೇ ತೆಗೆದುಕೊಳ್ಳಲಿಲ್ಲ. ಸ್ಟ್ಯಾಂಡಮ್ಮನ ಹತ್ತಿರ ಹಾಗೆ ತೆಗೆದುಕೊಂಡು ಅಭ್ಯಾಸವಿರಲಿಲ್ಲ. ಸಾಲಾಗಿ ನಿಂತು ಮಗಳ ಮುಖ ನೋಡಿದರು. ಮಗಳಿಗೆ ಯಾರದ್ದು ಯಾವುದು ಎಂದು ಎಲ್ಲಿ ಗೊತ್ತು?

"ಕನ್ನಡಕದ ಹುಡುಗಿ, ಬುಟ್ಟಿ ಇರೋದು," ಎಂದು ಬೆನ್ನ ಹಿಂದಿನಿಂದ ಪಿಸುದನಿ ಬಂತು. "ಆ ದಪ್ಪನೆಯವರು, ಕೆಂಪು, ಗೋಡೆ ಕಡೆಯಿಂದ ಮೂರನೇದು."

"ನಿಂಗೆ ಹೇಗೋ ಗೊತ್ತು?"

"ಯಾರು ಯಾವುದರಲ್ಲಿ ಬಂದ್ರು ಅಂತ ನೋಡೋದೇ ಅಲ್ವಾ ಮೇಡಂ ನಮ್ಮ ಕೆಲಸ."

ಒಬ್ಬೊಬ್ಬರ ಮುಖವನ್ನೂ ನೋಡಿ ಅವಳು ಸೈಕಲ್ ಕೊಟ್ಟಳು. "ಥೇಟ್ ತಾಯಿ," ಎಂದರು ಗಣಿತದ ಮೇಷ್ಟ್ರು. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನೂರ ಅರವತ್ತೆರಡು ಹೋದವು. ಕೊನೆಗೆ ಉಳಿದವನು ಇನ್‌ಸ್ಪೆಕ್ಟರ್. ಉಳಿದದ್ದು ಎರಡು ಸೈಕಲ್. ಒಂದು ಅವನದು. ಇನ್ನೊಂದನ್ನು ಮಗಳು ಬಗ್ಗಿ ನೋಡಿದಳು.

ಮೈಯೆಲ್ಲ ಹೊಸದಾಗಿ ಬಳಿದ ಕಪ್ಪು ಬಣ್ಣ. ಹಿಂದಿನ ಕ್ಯಾರಿಯರ್‌ಗೆ ಪಿಟೀಲು ಪೆಟ್ಟಿಗೆ ಕಟ್ಟಲು ಬೆಸುಗೆ ಹಾಕಿಸಿದ ಎರಡು ಕೊಕ್ಕೆ. ಕಳೆದ ವರ್ಷ ಸಂಗೀತದ ಟೀಚರಮ್ಮ ಮಗಳ ಕುರ್ಚಿಯ ಎದುರು ಕೂತು ದೂರಿನಲ್ಲಿ ಬರೆಸಿದ ಕೊಕ್ಕೆಗಳು ಅವು.

"ಇದು ಯಾರದ್ದಮ್ಮ?" ಎಂದ ಇನ್‌ಸ್ಪೆಕ್ಟರ್.

ಹ್ಯಾಂಡಲ್ ನೆಲ ನೋಡಿದ.

"ಇವರು ತಂದಿದ್ದು ಸರ್," ಎಂದಳು ಮಗಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಅಂತೂ ಒಂದೂ ಹೋಗಲಿಲ್ಲ. ಪುಣ್ಯಾತ್ಗಿತ್ತಿ," ಎಂದು ಇನ್‌ಸ್ಪೆಕ್ಟರ್ ಸೈಕಲ್ ಹತ್ತಿ ಹೋದ.

ಬೀದಿ ಖಾಲಿಯಾಯಿತು. "ನಡ್ಕೊಂಡು ಬಂದ್ರೆ ತಡ ಆಗ್ತಿತ್ತು ಮೇಡಂ," ಎಂದ ಹ್ಯಾಂಡಲ್.

"ಪಿಟೀಲಿನವರದ್ದು. ಗಡಿಯಾರದ ಬೀದಿ, ಹಸಿರು ಬಾಗಿಲು."

"ಬಣ್ಣ ಬಳಿದಿದ್ದೆನಲ್ಲ."

"ಹೋದ ಸೈಕಲ್ ಒಂದೊಂದೂ ನಂಗೆ ಗೊತ್ತು ಕಣೋ. ಅಮ್ಮನಿಗೆ ಇದ್ದದ್ದು ಗೊತ್ತಿತ್ತು, ನಂಗೆ ಹೋದದ್ದು." ಅಷ್ಟು ಹೇಳಿ ಅವಳೇ ಬೆರಗಾದಳು. ಆಮೇಲೆ ಸೈಕಲ್ಲನ್ನು ಅವನ ಕೈಗೆ ಕೊಟ್ಟಳು. "ನಡಿ. ನಾನೂ ಬರ್ತೀನಿ."

"ಏನಂತ ಹೇಳಲಿ ಅವರಿಗೆ? ಕದಿಯೋದು ಗೊತ್ತು, ಇದು ಹೇಗೆ ಮಾಡೋದು ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ನಮ್ಮಲ್ಲಿ ಇದಕ್ಕೆ ಫಾರಂ ಇಲ್ಲ."

ಇಳಿಬಿಸಿಲಿನಲ್ಲಿ ಗಡಿಯಾರದ ಬೀದಿ ತಣ್ಣಗಿತ್ತು. ಹಸಿರು ಬಾಗಿಲಿನ ಹಿಂದೆ ಯಾರೋ ಪಿಟೀಲಿನ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ಮಗಳು ಮೂಲೆಯಲ್ಲಿ ನಿಂತಳು. ಹ್ಯಾಂಡಲ್ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಅಂಗಿಯ ತೋಳಿನಿಂದ ಸೀಟು ಒರೆಸಿದ. ಬೆಲ್ ಬಾರಿಸಿದ, ಎರಡು ಸಲ. ಪಿಟೀಲು ನಿಂತಿತು.

ಚಿಲಕದ ಸದ್ದು ಕೇಳಿದ್ದೇ ತಡ, ಹ್ಯಾಂಡಲ್ ಎದ್ದೆನೋ ಬಿದ್ದೆನೋ ಎಂದು ಬರಿಗೈಯಲ್ಲಿ ಓಡಿಬಂದ. "ಓಡಿ ಮೇಡಂ, ಬಾಗಿಲು ತೆಗೀತಿದಾರೆ," ಎಂದ. ಹದಿನಾಲ್ಕು ವರ್ಷ ಠಾಣೆಯ ಕುರ್ಚಿಯಲ್ಲಿ ಕೂತವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ನಗು ತಡೆಯಲಾರದೆ, ಊರಿನ ಪ್ರಸಿದ್ಧ ಸೈಕಲ್ ಕಳ್ಳನ ಜೊತೆ ಗಡಿಯಾರದ ಬೀದಿಯುದ್ದಕ್ಕೂ ಓಡಿದಳು.